ಕಾರಿಗೆ ಕೊಟ್ಟ ಆಯ

ಹೊಸ ಕಾರನ್ನು ಸರ್ವಿಸಿಗೆ ಬಿಡುವುದೆಂದರೆ ಮಗುವನ್ನು ಮೊದಲ ದಿನ ಸ್ಕೂಲಿಗೆ ಬಿಟ್ಟ ಹಾಗೆ. ಒಳಗೆ ಏನು ಮಾಡುತ್ತಾರೋ ತಿಳಿಯದು. ಇಣುಕಿ ನೋಡೋಣವೆಂದರೆ ಬಾಗಿಲಲ್ಲೇ ತಡೆಯುತ್ತಾರೆ. ಮೊನ್ನೆ ರಾಮನಗರದ ಹತ್ತಿರ ಹೆದ್ದಾರಿ ಪಕ್ಕದ ಒಂದು ದೊಡ್ಡ ಸರ್ವಿಸ್ ಸ್ಟೇಷನ್ನಿನಲ್ಲಿ ನಾನು ಹೀಗೇ ಕೂತಿದ್ದೆ. ಕೂರಲು ಮೆತ್ತನೆಯ ಸೋಫಾ, ಕುಡಿಯಲು ಮಿಷನ್ ಕಾಫಿ, ನೋಡಲು ಶಬ್ದವಿಲ್ಲದ ಟಿ.ವಿ. ಇಷ್ಟು ಉಪಚಾರ ನನಗೆ ಬೀಗರ ಮನೆಯಲ್ಲೂ ಆಗಿಲ್ಲ. ಅಷ್ಟರಲ್ಲಿ ಯಾರೋ ಒಳಗಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ಅವರ ಹಿಂದೆಯೇ ಗ್ರೀಸು, ಸೀಮೆಎಣ್ಣೆ, ಬಿಸಿ ಕಬ್ಬಿಣ ಎಲ್ಲ ಕಲಸಿದ ವಾಸನೆಯೊಂದು ನುಗ್ಗಿತು. ಪಕ್ಕದಲ್ಲಿದ್ದವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಮಾತ್ರ, ನಿಮ್ಮ ಮುಂದೆ ಹೇಳಲು ಸಂಕೋಚವೇನು, ಜೋರಾಗಿ ಉಸಿರೆಳೆದುಕೊಂಡೆ. ಅದಕ್ಕೆ ಒಂದಿಷ್ಟು ಮರದ ಹೊಟ್ಟಿನ ಘಮ ಸೇರಿಸಿದ್ದರೆ ಥೇಟ್ ಚನ್ನಪಟ್ಟಣದ ನಯಾಜ್ ಗ್ಯಾರೇಜು.

ನಯಾಜರ ವಿಷಯಕ್ಕೆ ಬರುವ ಮೊದಲು ನಮ್ಮ ದೊಡ್ಡಪ್ಪನ ಕಾರಿನ ವಿಷಯ ಹೇಳಬೇಕು. ಬೆಂಗಳೂರು-ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ. ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆಗಳು ಏಳುತ್ತಿದ್ದವು. ರಸ್ತೆಗೆ ಹೋದ ತುಂಡು ಹೊಲದ ಪರಿಹಾರ ಕೈಗೆ ಬಂದಾಗ ಹೊಂಗನೂರಿನ ನಮ್ಮ ದೊಡ್ಡಪ್ಪ ಎಲ್ಲರಂತೆ ಮನೆಗೆ ಟೈಲ್ಸ್ ಹಾಕಿಸಲಿಲ್ಲ. ಯಾರೋ ಓಡಿಸಿ ಬಿಟ್ಟಿದ್ದ, ದುಂಡು ಮೂತಿಯ ಬಿಳಿ ಕಾರೊಂದನ್ನು ತಂದು ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ನಿಲ್ಲಿಸಿದರು. ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹಾಕಿದರು. ಆ ಜಾಗದಲ್ಲಿ ರೇಷ್ಮೆಗೂಡಿನ ಚೀಲಗಳು ಕೂತು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು, ಕಾರು ತಂದದ್ದೇ ಅದಕ್ಕೆ. ಮದುವೆ ತಿಥಿ ಬಂದಾಗ ಸೀಟು ಅಟ್ಟದಿಂದ ಇಳಿದು ಸ್ವಸ್ಥಾನ ಸೇರುತ್ತಿತ್ತು, ಆದರೆ ಗೂಡಿನ ವಾಸನೆ ಇಳಿಯುತ್ತಿರಲಿಲ್ಲ. ನಾವು ಛತ್ರಕ್ಕೆ ಕಾಲಿಟ್ಟರೆ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಯಾರೂ ಕೇಳುತ್ತಿರಲಿಲ್ಲ. ಹುಳ ಸಾಕುವವರ ಕಡೆಯವರು ಎಂದು ಮೂಗಿಗೇ ಗೊತ್ತಾಗುತ್ತಿತ್ತು.

ದೊಡ್ಡಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಲು ಹೊರಟ ಮೊದಲ ದಿನವೇ ಬ್ರೇಕು ಒತ್ತುವ ಬದಲು ‘ಹೋ, ಹೋ’ ಎಂದು ಎತ್ತಿಗೆ ಹೇಳುವಂತೆ ಹೇಳಿ, ಹುಲ್ಲಿನ ಬಣವೆಯೊಳಕ್ಕೆ ನುಗ್ಗಿಸಿದರು. ಆಮೇಲೆ ಸ್ಟಿಯರಿಂಗು ನನ್ನ ಪಾಲಿಗೆ ಬಂತು. ನಾನು ಚನ್ನಪಟ್ಟಣದಲ್ಲಿ ಡಿಗ್ರಿ ಓದಲೆಂದು ಅವರ ಮನೆಯಲ್ಲಿದ್ದ ತಮ್ಮನ ಮಗಳು. ಓದಿದ್ದು ಎಷ್ಟೋ ದೇವರಿಗೇ ಗೊತ್ತು, ಓಡಿಸಿದ್ದಂತೂ ಬಹಳ. ಹುಡುಗಿ ಕಾರು ಓಡಿಸುವುದನ್ನು ನೋಡಲು ಊರಿನವರು ಜಗಲಿಗೆ ಬಂದು ನಿಲ್ಲುತ್ತಿದ್ದರು. ನನ್ನ ಕೈಚಳಕ ಕಂಡ ಮೇಲೆ ಜಗಲಿಯಿಂದ ಇಳಿಯುತ್ತಿರಲಿಲ್ಲ, ಅಲ್ಲೇ ಸುರಕ್ಷಿತವೆಂದು.

ಕಾರು ಆಗಾಗ ಮುನಿಸಿಕೊಳ್ಳುತ್ತಿತ್ತು. ಮುನಿಸಿಕೊಂಡಾಗೆಲ್ಲ ನಯಾಜರೇ ಗತಿ. ಚನ್ನಪಟ್ಟಣದ ಅಂಚಿನ ಹೊಂಗೆಮರದ ಕೆಳಗೆ ಶೀಟು ಹೊದಿಸಿದ ಗ್ಯಾರೇಜು, ಅದರ ಹಿಂದೆಯೇ ಮನೆ. ಪಕ್ಕದಲ್ಲಿ ಬೊಂಬೆ ಮಾಡುವವರಿದ್ದರು. ಅವರಲ್ಲಿ ಉದುರಿದ ಮರದ ಹೊಟ್ಟನ್ನು ತಂದು, ಚೆಲ್ಲಿದ ಆಯಿಲ್ ಹೀರಿಕೊಳ್ಳಲೆಂದು ಇವರು ನೆಲಕ್ಕೆ ಹರಡುತ್ತಿದ್ದರು. ಹೊಟ್ಟಿನ ನಡುವೆ ಕೆಂಪು, ಹಳದಿ ಅರಗಿನ ಚೂರುಗಳಿರುತ್ತಿದ್ದವು. ಅಷ್ಟು ಬಣ್ಣದ ಗ್ಯಾರೇಜನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಯಾಜರು ಬಾಯಿ ಜೋರಿನ ಮನುಷ್ಯ. ಗಾಡಿಗೂ ಬೈಯುತ್ತಿದ್ದರು, ಗಾಡಿ ತಂದವರಿಗೂ ಬೈಯುತ್ತಿದ್ದರು. “ಏನಮ್ಮಾ, ಕ್ಲಚ್ ಮೇಲಿಂದ ಕಾಲೇ ತೆಗಿಯಲ್ವಲ್ಲ ನೀನು, ಅದೇನು ಕಾಲ್ಮಣೆನಾ?” ಎಂದು ನನ್ನನ್ನು ಹತ್ತು ಜನರ ಮುಂದೆ ಕೇಳಿದ್ದುಂಟು. ಅಂಥ ಬಾಯಿ ಒಂದೇ ಒಂದು ವಿಷಯಕ್ಕೆ ಬಂದರೆ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಅದು ಅವರ ಕೂಲಿಯ ವಿಷಯ.

“ಎಷ್ಟಪ್ಪಾ ನಿನ್ ಕೂಲಿ?” ಎಂದು ದೊಡ್ಡಪ್ಪ ಮೊದಲ ಸಲ ಕೇಳಿದಾಗ ನಯಾಜರು ಬಟ್ಟೆಗೆ ಕೈ ಒರೆಸುತ್ತ, ಎತ್ತಲೋ ನೋಡುತ್ತ, “ನೀವೇ ನೋಡಿ ಕೊಡಿ ಗೌಡ್ರೇ” ಅಂದರು. ಇದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಇದರ ಅರ್ಥ ‘ಚೆನ್ನಾಗಿ ಕೊಡಿ’ ಎಂದೇ ಹೊರತು ‘ನಿಮಗೆ ತೋಚಿದ್ದು ಕೊಡಿ’ ಎಂದಲ್ಲ. ಆದರೆ ದೊಡ್ಡಪ್ಪ ಯೋಚಿಸುತ್ತ ನಿಂತರು. ಅವರಿಗೆ ತಮ್ಮ ಅಪ್ಪನ ಕಾಲದ ಕಣ ಕಣ್ಣಿಗೆ ಕಟ್ಟಿರಬೇಕು. ಆಗ ನೇಗಿಲಿನ ಕಬ್ಬಿಣದ ಗುಳ ಹದ ಮಾಡುವ ಕಮ್ಮಾರನಿಗೂ ನೇಗಿಲು ಮಾಡುವ ಬಡಗಿಗೂ ಯಾರೂ ಕಾಸು ಎಣಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಗಿ ತೂರಿದ ಮೇಲೆ ಅವರವರ ಪಾಲು ಅಳೆದು ಹಾಕುತ್ತಿದ್ದರು. ಅದಕ್ಕೆ ಆಯ ಎಂದು ಹೆಸರು. ಒಂದು ಸಲ ಆಯ ಕೊಟ್ಟರೆ ವರ್ಷವೆಲ್ಲ ಕೆಲಸ ನಡೆಯುತ್ತಿತ್ತು. ದೊಡ್ಡಪ್ಪ ಅವತ್ತು ಸ್ಪೇರ್ ಪಾರ್ಟಿನ ದುಡ್ಡು ಮಾತ್ರ ಎಣಿಸಿ ಕೊಟ್ಟರು. ಸುಗ್ಗಿ ಬಂದ ಕೂಡಲೇ ಗೂಡು ಕೂರುವ ಜಾಗದಲ್ಲಿ ರಾಗಿ ಮೂಟೆ ಕೂರಿಸಿ ತಾವೂ ಪಕ್ಕದಲ್ಲಿ ಕೂತು ನನ್ನಿಂದ ಕಾರನ್ನು ನಯಾಜರ ಮನೆಗೆ ಓಡಿಸಿದರು.

ದಾರಿಯಲ್ಲಿ ನಾನು, ಓದುತ್ತಿದ್ದವಳಲ್ಲವೇ, ದುಡ್ಡೇ ಕೊಡಬಹುದಿತ್ತಲ್ಲ ಎಂದೆ. “ಕೂಲಿ ಇಸ್ಕಂಡೋನು ಆಳು ಕಣವ್ವಾ. ಆಯ ಇಸ್ಕಂಡೋನು ನಮ್ಮೋನು” ಅಂದರು ದೊಡ್ಡಪ್ಪ. ಅವರು ಜುಗ್ಗರಲ್ಲ, ಇದನ್ನು ನೀವು ನಂಬಬೇಕು. ಒಬ್ಬ ಮನುಷ್ಯನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಆ ಮರ್ಯಾದೆ ನೋಡಿ ಸುತ್ತಲಿನವರೂ ಕಲಿತರು. ಅಕ್ಕೂರಿನ ಟೆಂಪೋ ಚಿಕ್ಕಣ್ಣ ತೆಂಗಿನಕಾಯಿ ತಂದು ಸುರಿದ. ಇನ್ನೊಬ್ಬರು ಅವರೆಕಾಯಿ, ಮತ್ತೊಬ್ಬರು ಕುಂಬಳಕಾಯಿ. ನಯಾಜರ ಹೆಂಡತಿ ಜರೀನಾ ಬೀದಿಗೆಲ್ಲ ಹಂಚಿದರು, ಮುಗಿಯಲಿಲ್ಲ. ನಾನು ಹೋದಾಗೆಲ್ಲ ಅವರ ಮಂಚದ ಕೆಳಗಿನಿಂದ ಒಂದು ಕುಂಬಳಕಾಯಿ ನನ್ನನ್ನು ನೋಡುತ್ತಿರುತ್ತಿತ್ತು.

“ಬಾಡಿಗೆ ಕೇಳಾಕೆ ಓನರ್ ಬತ್ತಾನೆ. ಅವನ ಕೈಗೆ ಇದ್ನ ಕೊಡ್ಲಾ?” ಎಂದು ಒಂದು ದಿನ ಜರೀನಾ ನನಗೆ ಟೀ ಕೊಡುತ್ತ ಕೇಳಿದರು. ನಗುತ್ತಲೇ ಕೇಳಿದರು, ಆದರೆ ಕಣ್ಣಲ್ಲಿ ನಗು ಇರಲಿಲ್ಲ. ಬಿಡದಿ ಹತ್ತಿರ ಹೊಸದಾಗಿ ಎದ್ದ ಒಂದು ಸರ್ವಿಸ್ ಸ್ಟೇಷನ್ನಿನವರು ನಯಾಜರನ್ನು ಸಂಬಳಕ್ಕೆ ಕರೆದಿದ್ದರು. ತಿಂಗಳ ಕೊನೆಯೊಳಗೆ ಹೇಳಬೇಕಿತ್ತು. ಹೋದರೆ ಗ್ಯಾರೇಜು ಮುಚ್ಚಬೇಕು, ಹೊಂಗೆಮರದ ಜಾಗ ಓನರಿಗೆ ಬಿಡಬೇಕು. ಎಷ್ಟೋ ವರ್ಷ ಬೇರೆಯವರ ಕೈಕೆಳಗೆ ಗೇದು, ಒಂದೊಂದೇ ಸ್ಪ್ಯಾನರು ಕೂಡಿಸಿ, ತನ್ನದೇ ಎಂದು ನಿಲ್ಲಿಸಿದ ಗ್ಯಾರೇಜದು. ನಯಾಜರು ಎರಡು ದಿನದಿಂದ ಯಾರಿಗೂ ಬೈದಿರಲಿಲ್ಲ. ಅದನ್ನು ಕೇಳಿ ನನಗೆ ನಿಜವಾಗಿ ಭಯವಾಯಿತು.

“ನಿಮ್ ದೊಡ್ಡಪ್ಪೋರು ಮಾರ್ಕೆಟ್ಟಿಗೆ ಗೂಡು ಯಾವತ್ತು ಹಾಕ್ತಾರೆ?” ಎಂದು ಜರೀನಾ ಕೇಳಿದರು. ಹೇಳಿದೆ. ಯಾಕೆ ಎಂದು ಕೇಳಲು ನನಗೆ ಹೊಳೆಯಲಿಲ್ಲ.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ದೊಡ್ಡಪ್ಪನಿಗೆ ಒಂದು ಖ್ಯಾತಿಯಿತ್ತು. ಉದ್ದನೆಯ ಜಾಲರಿ ತೊಟ್ಟಿಗೆ ಗೂಡು ಸುರಿದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ನಿಂತರೆ, ನೂಲು ತೆಗೆಯುವ ರೀಲರುಗಳು ಒಬ್ಬೊಬ್ಬರಾಗಿ ಬಂದು ಗೂಡನ್ನು ಅದುಮಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆ ಕೂಗುತ್ತಿದ್ದರು. ಮನಸ್ಸಿಗೆ ಬಾರದ ಬೆಲೆಗೆ ದೊಡ್ಡಪ್ಪನದು ಒಂದೇ ಮಾತು. “ಕೊಡಾಕಿಲ್ಲ.” ಆ ಮಾತನ್ನು ಅವರು ಎಷ್ಟು ನಿಧಾನವಾಗಿ, ಎಷ್ಟು ರುಚಿಯಾಗಿ ಹೇಳುತ್ತಿದ್ದರೆಂದರೆ ಪಕ್ಕದ ತೊಟ್ಟಿಯವರು ಕೇಳಲೆಂದೇ ಬರುತ್ತಿದ್ದರು.

ಅವತ್ತೂ ಹಾಗೇ ನಿಂತಿದ್ದರು. ರೀಲರುಗಳ ನಡುವೆ ಜರೀನಾ ಬಂದರು. ಅವರ ಅಣ್ಣ ಅಲ್ಲಿ ಹೆಸರುವಾಸಿ ರೀಲರು, ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಹಿಡಿ ಗೂಡು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, “ಗೂಡು ಚೆನ್ನಾಗೈತೆ ಗೌಡ್ರೇ. ಅಷ್ಟಕ್ಕೂ ಸೇರಿ ಎರಡು ಮೂಟೆ ರಾಗಿ, ಒಂದು ಕುಂಬಳಕಾಯಿ” ಅಂದರು.

ಎಲ್ಲಿಂದಲೋ ಒಬ್ಬ ನಕ್ಕ, ಅದರ ಹಿಂದೆ ಎಲ್ಲರೂ ನಕ್ಕರು. ದೊಡ್ಡಪ್ಪನ ಮುಖ ಕೆಂಪೇರಿತು. “ಏನವ್ವಾ, ತಮಾಸೆಗೆ ಬಂದಿದ್ದೀಯಾ? ನಿದ್ದೆಗೆಟ್ಟು ಸೊಪ್ಪು ಹಾಕಿ ಬೆಳೆಸಿವ್ನಿ. ನನ್ ಗೂಡಿಗೆ ರಾಗಿಯಾ?”

“ನಮ್ಮನೇವ್ರು ನಿಮ್ ಕಾರಿನ ಕೆಳಗೆ ಮಲಗಾದು ನಿದ್ದೆ ಮಾಡಾಕಲ್ಲ ಗೌಡ್ರೇ” ಅಂದರು ಜರೀನಾ. ದನಿ ಏರಿಸಲಿಲ್ಲ. “ನಿಮ್ಮ ಗೂಡು ನಿಮ್ಮ ಬೆಳೆ. ಅವ್ರ ಕೈಯೇ ಅವ್ರ ಬೆಳೆ. ನಿಮ್ದಕ್ಕೆ ದುಡ್ಡು, ಅವ್ರದಕ್ಕೆ ರಾಗಿ. ಇದು ಯಾವ ಸೀಮೆ ವ್ಯಾಪಾರ?”

ನನಗೆ ಅಲ್ಲೇ ಚಪ್ಪಾಳೆ ತಟ್ಟಬೇಕೆನಿಸಿತು. ದೊಡ್ಡಪ್ಪನ ಅನ್ನ ಉಣ್ಣುತ್ತಿದ್ದ ನೆನಪಾಗಿ ಕೈ ಕಟ್ಟಿಕೊಂಡೆ. ಜರೀನಾ ಗೂಡನ್ನು ಮೆಲ್ಲಗೆ ತೊಟ್ಟಿಗೆ ಇಳಿಸಿ ಹೊರಟುಹೋದರು. ಅವರ ಅಣ್ಣನೇ ಕೊನೆಗೆ ಒಳ್ಳೆಯ ಬೆಲೆ ಕೂಗಿದ. ದೊಡ್ಡಪ್ಪ ತಲೆಯಾಡಿಸಿ ಕೊಟ್ಟರು. ವಾಪಸ್ಸು ಬರುವಾಗ ಹಳ್ಳ ಬಂದರೆ ನಾನು ಬ್ರೇಕು ಹಾಕದೆ ಹಾರಿಸಿದೆ, ಅದಕ್ಕೂ ಬೈಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಮುದ್ದೆ ಮುರಿಯುತ್ತ ದೊಡ್ಡಮ್ಮನನ್ನು ಕೇಳಿದರು: “ಅಲ್ಲ ಕಣೇ, ಗುಳ ಹದ ಮಾಡ್ತಿದ್ದ ಕಮ್ಮಾರ ಬಾಡಿಗೆ ಕಟ್ತಿದ್ನಾ?” ಅವನ ಮನೆ, ಅವನ ಕುಲುಮೆ, ಯಾರಿಗೆ ಕಟ್ಟುತ್ತಾನೆ ಎಂದರು ದೊಡ್ಡಮ್ಮ. ದೊಡ್ಡಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಾರನೆಯ ದಿನ ಗ್ಯಾರೇಜಿಗೆ ಹೋಗಿ ಮಗ್ಗುಲಲ್ಲಿದ್ದ ಹಳೇ ಟೈರಿನ ಮೇಲೆ ಕೂತರು. “ಹೋದ ವಾರ ಕ್ಲಚ್ ಪ್ಲೇಟು ಹಾಕ್ದಲ್ಲ. ಅದ್ರ ಕೂಲಿ ಹೇಳು” ಅಂದರು.

ನಯಾಜರು ಬೆಚ್ಚಿದರು. “ಅವಳೇನೋ ಬಾಯಿ ಜಾರಿ ಅಂದ್ಬುಟ್ಳು ಗೌಡ್ರೇ, ಬುಟ್ಬುಡಿ.”

“ಅವಳ ಮಾತು ಆಯ್ತು. ನಿನ್ ಮಾತು ಹೇಳು.”

“ನೀವೇ ನೋಡಿ...”

“ಇನ್ನೊಂದ್ಸಲ ಆ ಮಾತಾಡುದ್ರೆ ಎದ್ದೋಯ್ತೀನಿ. ತೊಟ್ಟಿ ಮುಂದೆ ನಿಂತ್ಕಂಡು ನಾನು ಯಾವತ್ತಾರ ನೀವೇ ನೋಡಿ ಕೊಡಿ ಅಂದಿದ್ದೀನಾ? ಹೇಳು.”

ನಯಾಜರು ನೆಲದ ಹೊಟ್ಟನ್ನು ಕಾಲಲ್ಲಿ ಕೆದಕಿ ಕೊನೆಗೆ, “ನೂರು ಕೊಡಿ” ಅಂದರು.

“ಸಾಲ್ದು.”

ಗೌಡರು ಸಾಲದು ಅಂದದ್ದು ಯಾರಿಗೆ ಎಂದು ನಯಾಜರಿಗೆ ತಿಳಿಯಲಿಲ್ಲ. “ಎಂಬತ್ತು ಕೊಡಿ ಹಂಗಾರೆ” ಅಂದುಬಿಟ್ಟರು.

“ಲೇ, ಮೇಲಕ್ಕೆ ಹತ್ಲಾ ಅಂದ್ರೆ ಕೆಳೀಕೆ ಇಳೀತಾ ಇದ್ದೀಯಲ್ಲೋ” ಎಂದು ದೊಡ್ಡಪ್ಪ ತಲೆ ಚಚ್ಚಿಕೊಂಡರು. ನನ್ನ ಜೀವಮಾನದಲ್ಲಿ ಅಂಥ ಚೌಕಾಸಿಯನ್ನು ಮತ್ತೆ ಕಂಡಿಲ್ಲ. ಕೊಡುವವರು ಏರಿಸುತ್ತಿದ್ದಾರೆ, ಕೇಳುವವರು ಇಳಿಸುತ್ತಿದ್ದಾರೆ. ಹೀಗೇ ಬಿಟ್ಟಿದ್ದರೆ ನಯಾಜರು ತಾವೇ ಕೈಯಿಂದ ಕೊಟ್ಟು ಕಳಿಸುತ್ತಿದ್ದರೇನೋ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಜರೀನಾ ಬಂದರು.

“ಹುಳದ ಮನೆ ಕಟ್ಟಿಸುದ್ರಲ್ಲ ಗೌಡ್ರೇ, ಗಾರೆಯವ್ರಿಗೆ ದಿನಕ್ಕೆ ಏನ್ ಕೊಟ್ರಿ?”

“ಇನ್ನೂರು.”

“ಕ್ಲಚ್ಚು ಇಳಿಸಿ ಹಾಕಾಕೆ ಇವ್ರಿಗೆ ಒಂದೂವರೆ ದಿನ. ಅಲ್ಲಿಗೆ ಮುನ್ನೂರು. ಗಾರೆಯವ್ರು ಕರಣಿ ಹಿಡ್ಕೊಂಡು ನಿಮ್ಮನೆಗೇ ಬತ್ತಾರೆ, ಜಾಗಕ್ಕೆ ಬಾಡಿಗೆ ಇಲ್ಲ. ಇಲ್ಲಿ ಬಾಡಿಗೆ ಐತೆ, ಕರೆಂಟು ಐತೆ, ಗೋಡೆ ತುಂಬ ಸ್ಪ್ಯಾನರ್ ಐತೆ. ಅದು ಸವೆದ್ರೆ ತರೋರು ಯಾರು? ನಾನೂರೈವತ್ತು ಕೊಡಿ.”

ದೊಡ್ಡಪ್ಪ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದರು. ಲೆಕ್ಕ ನೆಟ್ಟಗಿತ್ತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ. “ನಾನೂರು ಮಾಡ್ಕಳವ್ವಾ” ಅಂದರು.

“ಕೊಡಾಕಿಲ್ಲ” ಅಂದರು ಜರೀನಾ.

ನಿಧಾನವಾಗಿ, ರುಚಿಯಾಗಿ, ಥೇಟ್ ದೊಡ್ಡಪ್ಪನ ಹಾಗೆಯೇ. ದೊಡ್ಡಪ್ಪ ಅವರನ್ನೇ ನೋಡಿದರು. ಆಮೇಲೆ ಟೈರಿನ ಮೇಲಿಂದ ಬೀಳುವಷ್ಟು ನಕ್ಕರು. ನಕ್ಕು, ಒಳಜೇಬಿಗೆ ಕೈಹಾಕಿ ಪೂರ್ತಿ ಎಣಿಸಿಕೊಟ್ಟರು. ಕೊಟ್ಟವರು ಸುಮ್ಮನಿರಲಿಲ್ಲ, ತಮ್ಮ ಕಡೆಯ ಮಾತನ್ನೂ ಹಾಕಿದರು. ಬಾನೆಟ್ಟು ಎತ್ತುವ ಮೊದಲೇ ಕೂಲಿ ಹೇಳಬೇಕು. ಬಿಚ್ಚಿದ ಹಳೇ ಪಾರ್ಟನ್ನು ಗಾಡಿಯವನ ಕೈಗೇ ಕೊಡಬೇಕು. ಮಾಡಿದ ಕೆಲಸವೇ ಕೆಟ್ಟು ಗಾಡಿ ವಾಪಸ್ಸು ಬಂದರೆ ಮತ್ತೆ ಕೂಲಿ ಕೇಳಬಾರದು. ನಯಾಜರಿಗೆ ಈಗ ದನಿ ವಾಪಸ್ಸು ಬಂದಿತ್ತು. “ನಾನು ಮಾಡಿದ್ ಕೆಲ್ಸ ಯಾಕೆ ವಾಪಸ್ ಬತ್ತದೆ ಗೌಡ್ರೇ? ಈ ಹುಡುಗಿ ಓಡಿಸ್ದೇ ಇದ್ರೆ ಬರಲ್ಲ” ಅಂದರು. ಎಷ್ಟೋ ದಿನದ ಮೇಲೆ ಬಿದ್ದ ಮೊದಲ ಬೈಗುಳ. ನನಗೆ ಅಷ್ಟು ಹಿತವಾದ ಬೈಗುಳ ಬೇರೊಂದಿಲ್ಲ.

ಪಕ್ಕದ ಬೊಂಬೆಯವರು ಒಂದು ಹಲಗೆಗೆ ಕೆಂಪು ಬಳಿದು ಹಳದಿಯಲ್ಲಿ ಬರೆದುಕೊಟ್ಟರು: ‘ಮೊದಲು ಕೂಲಿ ಮಾತು, ಆಮೇಲೆ ಬಾನೆಟ್ಟು.’ ಹಲಗೆ ಏರಿದ ಮೇಲೆ ಗ್ಯಾರೇಜು ಖಾಲಿಯಾಯಿತು. ನಯಾಜನಿಗೆ ಕೊಬ್ಬು ಬಂತು ಎಂದು ಊರೆಲ್ಲ ಮಾತು. ತೆಂಗಿನಕಾಯಿಯೂ ಇಲ್ಲ, ದುಡ್ಡೂ ಇಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡಪ್ಪ ಏನಾದರೊಂದು ನೆಪ ಮಾಡಿಕೊಂಡು ದಿನಾ ನನ್ನಿಂದ ಕಾರು ಹೊರಡಿಸಿ, ಆ ಟೈರಿನ ಮೇಲೆ ಹೋಗಿ ಕೂರುತ್ತಿದ್ದರು. ತಪ್ಪು ಬೆಲೆಗೆ ಗೂಡು ಮಾರಿಸಿದೆನೇನೋ ಎಂಬಂತೆ ಮುಖ ಸಣ್ಣ ಮಾಡಿಕೊಂಡಿರುತ್ತಿದ್ದರು. ಒಂದು ಮಧ್ಯಾಹ್ನ ನಯಾಜರು ಗೋಡೆಯ ಸ್ಪ್ಯಾನರುಗಳನ್ನು ಇಳಿಸಿ ಒರೆಸುತ್ತಿದ್ದರು. ಒರೆಸಿದವನ್ನು ಗೋಡೆಗೆ ಹಾಕದೆ ಪೆಟ್ಟಿಗೆಗೆ ಹಾಕುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಆಗ ಅಕ್ಕೂರಿನ ಚಿಕ್ಕಣ್ಣನ ಟೆಂಪೋ ಕುಂಟುತ್ತ ಬಂದು ನಿಂತಿತು. ಈ ಹಲಗೆಗೆ ಹೆದರಿ ದೂರದ ಯಾವುದೋ ದೊಡ್ಡ ಜಾಗಕ್ಕೆ ಹೋಗಿದ್ದನಂತೆ. ಅಲ್ಲಿ ಕೊಟ್ಟ ಕೂಲಿಯನ್ನು ಎರಡೆರಡು ಸಲ ಹೇಳಿದ, ಅಷ್ಟು ಕೊಟ್ಟರೂ ಟೆಂಪೋ ಕುಂಟುವುದು ಬಿಟ್ಟಿರಲಿಲ್ಲ.

“ಅಲ್ಲಿ ಚೌಕಾಸಿ ಮಾಡುದ್ಯೇನ್ಲಾ?” ದೊಡ್ಡಪ್ಪ ಕೇಳಿದರು.

“ಟೈ ಕಟ್ಟಿದ್ದ ಕಣಣ್ಣಾ. ಹೆಂಗ್ ಕೇಳಾದು?”

“ಹಂಗಾರೆ ನಯಾಜೂಗೂ ಒಂದು ಟೈ ತಂದ್ಕೊಡು.”

ಚಿಕ್ಕಣ್ಣ ಹುಳ್ಳಗೆ ನಕ್ಕ. ನಯಾಜರು ಎದ್ದು ಟೆಂಪೋ ಸುತ್ತ ಒಂದು ಸುತ್ತು ಹಾಕಿ, ಕೆಳಗೆ ಬಗ್ಗಿ ನೋಡಿ, ಕೂಲಿ ಹೇಳಿದರು. ಚಿಕ್ಕಣ್ಣ ಅಭ್ಯಾಸದಂತೆ ಅರ್ಧಕ್ಕೆ ಕೇಳಿದ. ಹಿಂದಿನ ಬಾಗಿಲಿಗೆ ಜರೀನಾ ಬಂದು ನಿಂತರು. ನಯಾಜರು ಎತ್ತಲೋ ನೋಡಲಿಲ್ಲ, ಚಿಕ್ಕಣ್ಣನ ಮುಖವನ್ನೇ ನೋಡಿದರು. “ಆಗಲ್ಲ ಕಣಣ್ಣಾ. ಕೆಲ್ಸ ಅಷ್ಟೈತೆ, ಕೂಲಿನೂ ಅಷ್ಟೇ” ಅಂದರು.

ಚಿಕ್ಕಣ್ಣ ಟೆಂಪೋ ನೋಡಿದ, ಹಲಗೆ ನೋಡಿದ, ಮತ್ತೆ ನಯಾಜರನ್ನು ನೋಡಿದ. ಆಮೇಲೆ ಕೀ ತೆಗೆದು ಅವರ ಅಂಗೈಗೆ ಇಟ್ಟ. ಇಷ್ಟೇ ಆದದ್ದು. ಆದರೆ ಗೆದ್ದೆವು ಎಂದು ನನಗೆ ಆಗಲೇ ಗೊತ್ತಾಯಿತು. ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದೆ ಕಾರಿನ ಹಾರ್ನು ಬಾರಿಸಿದೆ. ಅದು ಒಂದು ಸಲ ಶುರುವಾದರೆ ನಿಲ್ಲದ ಹಾರ್ನು. ಬೊಂಬೆ ಮನೆಯವರೆಲ್ಲ ಏನು ಅನಾಹುತವಾಯಿತೋ ಎಂದು ಓಡಿಬಂದರು.

ಚಿಕ್ಕಣ್ಣನ ಟೆಂಪೋ ಸರಿಯಾಗಿ ಓಡತೊಡಗಿದ ಮೇಲೆ ಮಿಕ್ಕವರೂ ಬಂದರು. ಗೊಣಗುತ್ತ ಬಂದರು, ಆದರೆ ಬಂದರು. ತಿಂಗಳ ಕೊನೆಗೆ ಸರ್ವಿಸ್ ಸ್ಟೇಷನ್ನಿನವರು ಒಬ್ಬರು ಬೈಕಿನಲ್ಲಿ ಉತ್ತರ ಕೇಳಿಕೊಂಡು ಬಂದಾಗ ನಯಾಜರು ಒಂದು ಜೀಪಿನ ಕೆಳಗಿದ್ದರು. ಎರಡು ಕಾಲು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಕೆಳಗಿನಿಂದಲೇ ದನಿ ಬಂತು: “ಬರಾಕಾಗಲ್ಲ ಸಾರ್, ಇಲ್ಲೇ ಕೆಲ್ಸ ಜಾಸ್ತಿ ಐತೆ.”

ಆ ಸುಗ್ಗಿಯಲ್ಲಿ ದೊಡ್ಡಪ್ಪ ಮತ್ತೆ ಕಾರಿಗೆ ರಾಗಿ ಮೂಟೆ ಏರಿಸಿದರು. ನನಗೆ ಗಾಬರಿ. ನಯಾಜರಂತೂ ಮೂಟೆ ನೋಡಿ ನಿಂತಲ್ಲೇ ನಿಂತುಬಿಟ್ಟರು. “ಯಾಕಪ್ಪಾ ಹಂಗೆ ನೋಡ್ತೀಯಾ? ಕೂಲಿ ಕೊಟ್ಟಾಯ್ತಲ್ಲ” ಅಂದರು ದೊಡ್ಡಪ್ಪ, “ಇದು ಉಣ್ಣಾಕೆ.” ಜರೀನಾ ಬಂದು ಸೆರಗು ಸರಿಮಾಡಿಕೊಂಡು, ಆ ಮೂಟೆಯ ಒಂದು ಕಡೆಯನ್ನು ತಾವೇ ಹಿಡಿದು ಇಳಿಸಿಕೊಂಡರು. ರಂಜಾನ್ ಬಂದಾಗ ಅವರ ಮನೆಯಿಂದ ಶಾವಿಗೆ ಪಾಯಸ ಹೊಂಗನೂರಿಗೆ ಬಂತು. ಅವತ್ತಿನವರೆಗೆ ಅವರು ನಮ್ಮ ಮನೆಗೆ ಏನನ್ನೂ ಕಳಿಸಿರಲಿಲ್ಲ. ಕೂಲಿ ಬಾಕಿ ಇಟ್ಟು ರಾಗಿ ಕೊಟ್ಟವರ ಮನೆಗೆ ಯಾವ ಮನಸ್ಸಿನಿಂದ ಕಳಿಸಿಯಾರು.

ದೊಡ್ಡಪ್ಪ ಈಗಿಲ್ಲ. ನಯಾಜರ ಗ್ಯಾರೇಜು ಇದೆ, ಶೀಟಿನ ಬದಲು ತಾರಸಿ ಬಂದಿದೆ. ಜಾಗ ಅವರದೇ ಆಗಿದೆ. ಹೊಸ ಕಾರನ್ನೂ ಅಲ್ಲಿಗೇ ಒಯ್ದಿದ್ದೆ. “ವಾರಂಟಿ ಮುಗಿಯೋಗಂಟ ಅವ್ರ ಹತ್ರನೇ ತೋರ್ಸು. ಆಮೇಲೆ ನಿನ್ ಕಾಲ್ಮಣೆ ಕ್ಲಚ್ ಹೆಂಗೂ ಇಲ್ಲಿಗೇ ಬತ್ತದೆ” ಎಂದು ಅಟ್ಟಿದರು.

ಹಾಗಾಗಿ, ಫ್ರೀ ಸರ್ವಿಸುಗಳು ಮುಗಿದ ಮೇಲೂ, ಮೊನ್ನೆ ಆ ಸೋಫಾ. ಹೆಸರು ಕೂಗಿದರು, ಎದ್ದು ಹೋದೆ. ಕೌಂಟರಿನಲ್ಲಿದ್ದ ಹುಡುಗ ಬಿಲ್ಲನ್ನು ನನ್ನ ಕಡೆ ತಿರುಗಿಸಿ, ದೊಡ್ಡ ಉಪಕಾರ ಮಾಡಿದವನ ಮುಖದಲ್ಲಿ, “ಮೇಡಂ, ನಿಮಗೋಸ್ಕರ ಸ್ಪೆಷಲ್ ಡಿಸ್ಕೌಂಟ್ ಹಾಕಿದೀನಿ” ಅಂದ.

“ಯಾವುದರ ಮೇಲೆ?”

“ಲೇಬರ್ ಮೇಲೆ ಮೇಡಂ. ಪಾರ್ಟ್ಸ್‌ದು ಫಿಕ್ಸೆಡ್ ರೇಟು, ಅದನ್ನ ಇಳಿಸೋಕೆ ಬರಲ್ಲ.”

ಗಾಜಿನಾಚೆ ನನ್ನ ಕಾರಿನ ಕೆಳಗಿನಿಂದ ಒಬ್ಬಾತ ಎದ್ದು ಬಂದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ನಾನು ಹುಡುಗನಿಗೆ, “ಡಿಸ್ಕೌಂಟ್ ತೆಗೆದು ಬೇರೆ ಬಿಲ್ ಮಾಡಪ್ಪಾ. ಪೂರ್ತಿ ಕೊಡ್ತೀನಿ” ಅಂದೆ.

ಅವನು ನನ್ನನ್ನು ಅನುಮಾನದಿಂದ ನೋಡಿದ. ನಾನು ಕೈಚೀಲ ಬಿಚ್ಚಿದೆ. ಪೂರ್ತಿ ಕೊಟ್ಟು, ಗಾಜಿನ ಬಾಗಿಲು ತಳ್ಳಿಕೊಂಡು ನೇರವಾಗಿ ಒಳಗೆ ನಡೆದೆ. ಗ್ರಾಹಕರಿಗೆ ಪ್ರವೇಶವಿಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು. “ನನ್ನ ಕಾರಿನ ಕೆಲಸ ಮಾಡಿದವರ ಹೆಸರು ಕೇಳಬೇಕು” ಅಂದೆ, ನಿಲ್ಲದೆ.